ಸೆಂಟಿನೆಲ್ ಚಿತ್ರದಲ್ಲಿ ಅಲೆಯ ಉದ್ದ ಡಬಲ್ ಬರ್ತಿದೆ, ಬೋಯ್ ಲೆಕ್ಕಕ್ಕೆ ಹೊಂದ್ತಿಲ್ಲ

ಶಿರಾಗೇಟ್ (ತುಮಕೂರು): ತಲೆ ಕೆಟ್ಟು ಹೋಗಿದೆ. ಸೆಂಟಿನೆಲ್-1 (ಯುರೋಪಿನ ರೇಡಾರ್ ಉಪಗ್ರಹ) ಚಿತ್ರ ಇಳಿಸಿಕೊಂಡು, ಕಾರವಾರದಾಚೆ ಆಳದ ಕಡೆ ಒಂದು ಚೌಕ ಕತ್ತರಿಸಿ, ಯಾವ ಉದ್ದದ ಅಲೆ ಎಷ್ಟಿದೆ ಅಂತ ಬಿಡಿಸಿ ತೋರಿಸೋ ಎಫ್‌ಎಫ್‌ಟಿ ಹಾಕಿದೆ. ಅಲೆಯ ಉದ್ದ 200 ಮೀಟರಿಗೂ ಜಾಸ್ತಿ ಬರುತ್ತೆ. ಕಡಲಲ್ಲಿ ತೇಲ್ತಾ ಅಲೆ ಅಳೆಯೋ ಬೋಯ್ ಪ್ರಕಾರ ಒಂದು ಅಲೆಯಿಂದ ಮುಂದಿನದಕ್ಕೆ 8 ಸೆಕೆಂಡ್. ಆಳ ನೀರಿನ ಸೂತ್ರದ ಪ್ರಕಾರ 8ರ ವರ್ಗಕ್ಕೆ 1.56 ಗುಣಿಸಿದರೆ ಉದ್ದ 100 ಮೀಟರ್ ಅಲ್ವಾ? ದಿಕ್ಕೂ ಬೇರೆ. ಎಲ್ಲಾ ಸರಿಯಾಗೇ ಮಾಡಿದ್ದೀನಿ.

ನಂದಿತಪ್ಪಲು: ಸ್ಪೆಕಲ್ ಫಿಲ್ಟರ್ (ರೇಡಾರ್ ಚಿತ್ರದ ಕಾಳುಕಾಳು ನಯ ಮಾಡೋದು) ಹಾಕಿದ್ದೀರಾ? ಅದೇ ಕಾರಣ. ಪಿಕ್ಸೆಲ್ 10 ಮೀಟರ್. 7×7 ಹಾಕಿದರೆ 70 ಮೀಟರ್ ಒರೆಸಿ ಹಾಕಿದ ಹಾಗೆ.

ಶಿರಾಗೇಟ್: ತೆಗೆದು ನೋಡಿದೆ ಸಾರ್. ಚಿತ್ರ ಒರಟಾಯಿತು, ಉದ್ದ ಅಷ್ಟೇ ಇದೆ.

ನಂದಿತಪ್ಪಲು: ಹಾಗಿದ್ರೆ ಬೇರೆ ಯಾವುದೋ ಹಂತದಲ್ಲಿ ಫಿಲ್ಟರ್ ಸೇರಿಕೊಂಡಿದೆ. ಮೊದಲಿಂದ ಮಾಡಿ. ನನ್ನ 64 ಜಿಬಿ ಮಷಿನ್‌ನಲ್ಲಿ ಇಡೀ ಚಿತ್ರ ಕಾಫಿ ಕುಡಿಯೋದ್ರೊಳಗೆ ಮುಗಿಯುತ್ತೆ.

ಕೋಡಿಕೆರೆ (ಕೋಲಾರ): ಒಂದು ಚೌಕಕ್ಕೆ 64 ಜಿಬಿ ಯಾಕೆ ಸ್ವಾಮಿ? ನನ್ನ ಹಳೇ ಲ್ಯಾಪ್‌ಟಾಪೇ ಸಾಕು.

ನಂದಿತಪ್ಪಲು: ನಿಮಗೆ ಸಾಕು, ಸರಿ. ನಾನು ರಾಜ್ಯ ಪೂರ್ತಿ ಜೋಡಿಸ್ತೀನಿ.

ಕೋಡಿಕೆರೆ: ಜೋಡಿಸಿ. ಶಿರಾಗೇಟ್, ಯಾವ ತಿಂಗಳು? ರೇಡಾರ್ ಸಿಗ್ನಲ್‌ನ ಧ್ರುವೀಕರಣ ವಿವಿನಾ ವಿಎಚ್ಚಾ? ಉಪಗ್ರಹ ಯಾವ ಕಡೆ ಹೋಗ್ತಿತ್ತು?

ಶಿರಾಗೇಟ್: ಜುಲೈ, ವಿವಿ, ಬೆಳಗ್ಗೆ ಆರರ ಸುಮಾರು. ಬೋಯ್ ಪ್ರಕಾರ ಅಲೆ ಪಶ್ಚಿಮ-ನೈಋತ್ಯದಿಂದ, ನನಗೆ ಬರೋದು ಪಶ್ಚಿಮ-ವಾಯವ್ಯದಿಂದ. ಇದೆಲ್ಲ ಯಾಕೆ?

ಕೋಡಿಕೆರೆ: ಅದೇ ಬೇಕಾಗಿದ್ದು. ಬೆಳಗ್ಗೆ ಅಂದ್ರೆ ದಕ್ಷಿಣಕ್ಕೆ ಇಳಿಯೋ ಪಥ. ಇದು ಅಜಿಮತ್ (ಉಪಗ್ರಹ ಹೋಗೋ ದಿಕ್ಕು) ಕಟ್‌ಆಫ್. ಪಥದ ಉದ್ದಕ್ಕೆ ಯಾವ ಚುಕ್ಕೆ ಎಲ್ಲಿದೆ ಅಂತ ಈ ರೇಡಾರ್ ತಿಳಿಯೋದು ಚಲನೆಗೆ ಸಿಗ್ನಲ್ ಆವರ್ತನ ಬದಲಾಗೋ ಡಾಪ್ಲರ್‌ನಿಂದ. ಅಲೆಯಲ್ಲಿ ನೀರು ಸುಮ್ನೆ ನಿಲ್ಲಲ್ಲ. ರೇಡಾರ್ ಕಡೆಗೆ ಸೆಕೆಂಡಿಗೆ 1 ಮೀಟರ್ ಸರಿದರೂ ಚಿತ್ರದಲ್ಲಿ ಆ ಚುಕ್ಕೆ 100 ಮೀಟರಿಗೂ ಆಚೆ ಹೋಗಿ ಕೂರುತ್ತೆ. ಮುಂಗಾರಿನ ಕಡಲಲ್ಲಿ ಎಲ್ಲಾ ಚುಕ್ಕೆಗಳೂ ಹೀಗೇ ಚೆದುರಿ, ಪಥದ ದಿಕ್ಕಿನಲ್ಲಿ ಗಿಡ್ಡ ಅಲೆಗಳು ಕಲಸಿಹೋಗ್ತವೆ. ನಿಮ್ಮ ಅಲೆ ರೇಡಾರ್ ನೋಡೋ ದಿಕ್ಕಿಗೆ (ಅದು ಪಥಕ್ಕೆ ಅಡ್ಡ) ಸುಮಾರು 30 ಡಿಗ್ರಿ ಓರೆ. ಪಥದ ಉದ್ದಕ್ಕೆ ಅಳೆದರೆ ತಲೆಯಿಂದ ತಲೆಗೆ 200 ಮೀಟರ್ ಆಸುಪಾಸು. ಅಷ್ಟು ಸಾಲದು. ಅಳಿಸಿಹೋಗಿ, ಉಳಿದ ಉದ್ದಲೆ ಮಾತ್ರ ನಿಮಗೆ ಕಾಣ್ತಿದೆ. ಅದಕ್ಕೇ ದಿಕ್ಕೂ ತಿರುಗಿದೆ. ಸಂಜೆ ಉತ್ತರಕ್ಕೆ ಹೋಗೋ ಪಥದ್ದು ಹುಡುಕಿ. ಅದರಲ್ಲಿ ಈ ಅಲೆ ಹೆಚ್ಚುಕಡಿಮೆ ರೇಡಾರ್ ದಿಕ್ಕಿಗೇ ಬರುತ್ತೆ.

ಅವರೆಕಾಳು (ಚಿಂತಾಮಣಿ): ಚಿತ್ರದ ಹೊಳಪು ನೋಡಿ ಅಲೆಯ ಎತ್ತರ ಹೇಳೋಕಾಗುತ್ತಾ?

ಕೋಡಿಕೆರೆ: ನೇರವಾಗಿ ಆಗಲ್ಲ. ಸೆಂಟಿನೆಲ್ ಬಳಸೋ ಸಿ-ಬ್ಯಾಂಡ್ ರೇಡಾರಿಗೆ ಕಾಣೋದು ನಾಲ್ಕೈದು ಸೆಂಟಿಮೀಟರಿನ ಕಿರು ಅಲೆ, ದೊಡ್ಡಲೆ ಅದನ್ನ ವಾಲಿಸುತ್ತೆ ಅಷ್ಟೆ. ಎತ್ತರಕ್ಕೆ ಆಲ್ಟಿಮೀಟರ್ (ನೇರ ಕೆಳಕ್ಕೆ ಸಿಗ್ನಲ್ ಬಿಟ್ಟು ಅಳೆಯೋ ರೇಡಾರ್) ನೋಡಿ. 2013ರಲ್ಲಿ ಇಸ್ರೋ ಹಾರಿಸಿದ ಸರಲ್‌ನಲ್ಲಿ ಇತ್ತಲ್ಲ, ಆಲ್ಟಿಕಾ, ಅಂಥದ್ದು. ವಾಪಸ್ ಬಂದ ಸಿಗ್ನಲ್ ನಿಧಾನಕ್ಕೆ ಏರಿದಷ್ಟೂ ಅಲೆ ಎತ್ತರ.

ಅವರೆಕಾಳು: ನಾನು 24 ಗಿಗಾಹರ್ಟ್ಸ್ ರೇಡಾರ್ ಮಾಡ್ಯೂಲ್‌ನ ನಮ್ಮೂರ ಕೆರೆ ತೂಬಿನ ಮೇಲೆ ಕಟ್ಟಿದ್ದೀನಿ. ನೀರಿನ ಮಟ್ಟ ಫೋನಿಗೇ ಬರುತ್ತೆ.

ನಂದಿತಪ್ಪಲು: ಸೂಪರ್! ಬ್ಯಾಟರಿ ಯಾವುದು?

ಶಿರಾಗೇಟ್: ಆ ವಾರ ಸಂಜೆ ಪಥದ್ದು ಒಂದೂ ಸಿಗ್ತಿಲ್ಲ. ಬೇರೆ ದಾರಿ ಇದೆಯಾ?

ಅವರೆಕಾಳು: 12 ವೋಲ್ಟ್, ಹಳೇ ಯುಪಿಎಸ್‌ದು. ಕೋತಿಗಳು ವೈರ್ ಕೀಳ್ತವೆ, ಅದಕ್ಕೆ ಪೈಪ್ ಒಳಗೆ ಎಳೆದಿದ್ದೀನಿ. ಫೋಟೋ ಹಾಕ್ತೀನಿ ಇರಿ.