ಪಾಲಕ್ ಜ್ಯೂಸ್ ಕುಡಿದರೆ ಮಾತ್ರೆ ಬೇಡವಾ? ನಮ್ಮ ಮನೆ ಗುಂಪಿನಲ್ಲಿ ನಡೆದ ವಾದ

ನಮ್ಮದು ಉಡುಪಿ ಕಡೆಯ ಕುಟುಂಬ. ಈಗ ಮುಂಬೈ, ಪುಣೆಯಲ್ಲಿ ಹಂಚಿಹೋಗಿದ್ದೇವೆ. ನಾನು ಠಾಣೆಯಲ್ಲಿದ್ದೇನೆ, ಆಸ್ಪತ್ರೆಯೊಂದರಲ್ಲಿ ಡಯಟಿಷಿಯನ್. ಪ್ರಥಮ ಏಕಾದಶಿ ಕಳೆದ ವಾರ ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಡೆದ ಮಾತನ್ನು ಎಲ್ಲರ ಒಪ್ಪಿಗೆ ಕೇಳಿ, ಹೆಸರು ತೆಗೆದು ಇಲ್ಲಿ ಹಾಕುತ್ತಿದ್ದೇನೆ. ಇದರಲ್ಲಿ ಬರುವ ಪುಟ್ಟಿ ನನ್ನ ಅಕ್ಕ, ಭಾವನ ಮಗಳು; ಅತ್ತೆ ಅವಳಿಗೆ ಅಜ್ಜಿಯಾಗಬೇಕು. ಇಂಥದೇ ಫಾರ್ವರ್ಡ್ ನಿಮ್ಮ ಗುಂಪಿಗೂ ಬಂದಿರುತ್ತದೆ.

ಅತ್ತೆ, ಮೀರಾ ರೋಡ್: (ಫಾರ್ವರ್ಡ್) ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ದೊಡ್ಡ ಲೋಟ ಹಸಿ ಪಾಲಕ್ ಜ್ಯೂಸ್ ಕುಡಿಯಿರಿ. 21 ದಿನದಲ್ಲಿ ರಕ್ತ ಡಬಲ್! ಕಬ್ಬಿಣದ ಮಾತ್ರೆ ಬಿಸಾಡಿ. ಬಿ12 ಕೂಡ ಇದರಲ್ಲೇ ಸಿಗುತ್ತದೆ. ಬೇಯಿಸಿದರೆ ಸೊಪ್ಪಿನ ಸತ್ವ ಪೂರ್ತಿ ಹೋಗುತ್ತದೆ. ಮಕ್ಕಳು, ವಯಸ್ಸಾದವರು, ಎಲ್ಲರೂ ಕುಡಿಯಬಹುದು. ಹತ್ತು ಜನರಿಗೆ ಕಳಿಸಿ.

ಚಿಕ್ಕಪ್ಪ, ಘಾಟ್ಕೋಪರ್: 🙏 ಒಳ್ಳೆ ಮಾಹಿತಿ.

ಪುಟ್ಟಿ, ಅಂಧೇರಿ: ಅಜ್ಜಿ, ನೀವು ಹೋದ ತಿಂಗಳು ಫೋನಿನಲ್ಲಿ ಹೇಳಿದಾಗಲೇ ನಾನು ಶುರು ಮಾಡಿದೆ. ಮಾತ್ರೆ ನಿಲ್ಲಿಸಿಬಿಟ್ಟೆ. ಅದನ್ನು ತೆಗೆದುಕೊಂಡರೆ ಹೊಟ್ಟೆ ಕಟ್ಟಿಕೊಳ್ಳುತ್ತಿತ್ತು, ಆಫೀಸಿನಲ್ಲಿ ಕೂರಲಿಕ್ಕೇ ಆಗುತ್ತಿರಲಿಲ್ಲ.

ಅಕ್ಕ, ಪುಣೆ: ಮಾತ್ರೆ ನಿಲ್ಲಿಸಿದ್ದನ್ನು ನನಗೆ ಹೇಳಲೇ ಇಲ್ಲವಲ್ಲ ಮಗಾ!

ನಾನು: ಪುಟ್ಟಿ, ನಿನ್ನ ಹಿಮೋಗ್ಲೋಬಿನ್ 9.2 ಇತ್ತು. ಹೆಂಗಸರಿಗೆ 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಅನ್ನುತ್ತಾರೆ. ಅತ್ತೆ, ಬೇಜಾರು ಮಾಡಿಕೊಳ್ಳಬೇಡಿ, ಆದರೆ ಈ ಮೆಸೇಜು ಇಲ್ಲಿ ಹೀಗೇ ಉಳಿಯುವುದು ಬೇಡ.

ಅತ್ತೆ, ಮೀರಾ ರೋಡ್: ನಾನು ಕೆಟ್ಟದ್ದು ಬಯಸಿ ಕಳಿಸಿದೆನಾ? ಸೊಪ್ಪು ತಿಂದು ಯಾರಾದರೂ ಹಾಳಾದದ್ದುಂಟಾ? ನಿಮ್ಮ ಆಸ್ಪತ್ರೆಯವರಿಗೆ ಮಾತ್ರೆ ಬಿಟ್ಟು ಬೇರೆ ಗೊತ್ತಿಲ್ಲ.

ದೊಡ್ಡಮ್ಮ, ಡೊಂಬಿವಲಿ: ಅದು ಹೌದು. ಎಲ್ಲದಕ್ಕೂ ಮಾತ್ರೆ.

ನಾನು: ದೊಡ್ಡಮ್ಮ, ನನಗಿಂತ ಹೆಚ್ಚು ಸೊಪ್ಪಿನ ಪರ ಮಾತಾಡುವವರು ಈ ಗುಂಪಿನಲ್ಲಿ ಯಾರೂ ಇಲ್ಲ. ಸೊಪ್ಪು ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಬೇಯಿಸಿ, ಬೇಳೆ ಜೊತೆ, ಹುಳಿ ಜೊತೆ, ಊಟವಾಗಿ ತಿನ್ನಿ. ಔಷಧಿ ಜಾಗಕ್ಕೆ ಅದನ್ನು ತರಬೇಡಿ ಅಂತಷ್ಟೇ.

ಸ್ವಲ್ಪ ಲೆಕ್ಕ ನೋಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2017ರಲ್ಲಿ ನಮ್ಮ ದೇಶದ ಆಹಾರಗಳ ಪಟ್ಟಿ ಹೊರತಂದಿದೆ. ಅದರ ಪ್ರಕಾರ 100 ಗ್ರಾಂ ಪಾಲಕ್‌ನಲ್ಲಿ ಕಬ್ಬಿಣ ಸುಮಾರು 3 ಮಿಲಿಗ್ರಾಂ. ಹರಿವೆಯಲ್ಲಿ, ನುಗ್ಗೆ ಸೊಪ್ಪಿನಲ್ಲಿ ಅದಕ್ಕಿಂತ ಜಾಸ್ತಿ, ನಾಲ್ಕೂವರೆ ಆಸುಪಾಸು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸಿನಂತೆ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸರಿಗೆ 19. ಅಂದರೆ ಪಾಲಕ್ ಒಂದರಿಂದಲೇ ತುಂಬಿಸಲು ಹೊರಟರೆ ದಿನಾ ಹತ್ತಿರ ಹತ್ತಿರ ಒಂದು ಕಿಲೋ ತಿನ್ನಬೇಕು. ಸರ್ಕಾರ ಕೊಡುವ ಒಂದು ಕಬ್ಬಿಣದ ಮಾತ್ರೆಯಲ್ಲಿ 60 ಮಿಲಿಗ್ರಾಂ ಇರುತ್ತದೆ. ಒಂದು ಹಿಡಿ ಸೊಪ್ಪನ್ನು ಅರೆದು, ಸೋಸಿ, ಚರಟ ಬಿಸಾಡಿ ಕುಡಿದರೆ ಇದಕ್ಕೆ ಸಮ ಹೇಗಾಗುತ್ತದೆ ಹೇಳಿ? ಮೈಯಲ್ಲಿ ಖಾಲಿಯಾದ ಕಬ್ಬಿಣದ ಡಬ್ಬಿಯನ್ನು ಮೊದಲು ಮಾತ್ರೆಯಿಂದ ತುಂಬಿಸಬೇಕು. ಆಮೇಲೆ ಅದು ಖಾಲಿಯಾಗದಂತೆ ಕಾಯುವುದು ಊಟದ ಕೆಲಸ.

ಚಿಕ್ಕಪ್ಪ, ಘಾಟ್ಕೋಪರ್: ಬೇಯಿಸಿದರೆ ಸತ್ವ ಹೋಗುತ್ತದೆ ಅನ್ನುವುದಂತೂ ಸುಳ್ಳಲ್ಲ ಅಲ್ವಾ? ಹೋಟೆಲಿನಲ್ಲಿ ದಿನಾ ನೋಡುತ್ತೇನೆ, ಸೊಪ್ಪು ಕಪ್ಪಗಾಗುತ್ತದೆ. ಅದಕ್ಕೇ ಚಿಟಿಕೆ ಸೋಡಾ ಹಾಕುವುದು.

ನಾನು: ಚಿಕ್ಕಪ್ಪ, ಸಿ ವಿಟಮಿನ್ ಬಿಸಿಗೆ ಹಾಳಾಗುತ್ತದೆ. ಫೋಲೇಟ್ ಅನ್ನುವ ಬಿ ವಿಟಮಿನ್ ಬೇಯಿಸಿದ ನೀರಿಗೆ ಇಳಿಯುತ್ತದೆ. ಇಷ್ಟು ನಿಜ. ಆದರೆ ಕಬ್ಬಿಣ, ಕ್ಯಾಲ್ಸಿಯಂ ಬೆಂಕಿಗೆ ಸುಟ್ಟುಹೋಗುವ ವಸ್ತುಗಳಲ್ಲ. ಕಣ್ಣಿಗೆ ಬೇಕಾದ ಕ್ಯಾರೋಟಿನ್ ಬೇಯಿಸಿದಾಗಲೇ ಮೈಗೆ ಚೆನ್ನಾಗಿ ಹತ್ತುತ್ತದೆ, ಅದಕ್ಕೆ ಎಣ್ಣೆಯೂ ಬೇಕು. ನಮ್ಮ ಒಗ್ಗರಣೆ ಸುಮ್ನೆ ಪರಿಮಳಕ್ಕಲ್ಲ. ಸೋಡಾ ಮಾತ್ರ ದಯವಿಟ್ಟು ಬಿಡಿ. ಬಣ್ಣ ನಿಲ್ಲುತ್ತದೆ, ಆದರೆ ಬಿ1, ಸಿ ಎರಡೂ ಹೋಗುತ್ತವೆ. ಕುದಿಯುವ ನೀರಿಗೆ ಒಂದೆರಡು ನಿಮಿಷ ಹಾಕಿ, ತೆಗೆದು ಐಸ್ ನೀರಿಗೆ ಹಾಕಿದರೆ ಸೊಪ್ಪು ಹಸಿರಾಗಿಯೇ ಇರುತ್ತದೆ.

ಚಿಕ್ಕಪ್ಪ, ಘಾಟ್ಕೋಪರ್: ರಶ್ ಅವರ್‌ನಲ್ಲಿ ಐಸ್ ನೀರು ಎಲ್ಲಿಂದ ತರಲಿ ಮಾರಾಯ್ತಿ. ನೋಡೋಣ.

ಭಾವ, ಪುಣೆ: ನಮ್ಮ ಮಂಡ್ಯ ಕಡೆ ಬಸ್ಸಾರಿನಲ್ಲಿ ಸೊಪ್ಪು, ಬೇಳೆ ಬಸಿದ ನೀರನ್ನೇ ಸಾರು ಮಾಡುತ್ತೇವೆ. ಏನೂ ಚೆಲ್ಲುವುದಿಲ್ಲ. ಆದರೆ ನನಗೆ ಕಿಡ್ನಿ ಕಲ್ಲು ಆದಾಗ ಡಾಕ್ಟರು ಪಾಲಕ್ ಕಮ್ಮಿ ಮಾಡಿ ಅಂದಿದ್ದರು. ಅದು ಯಾಕೆ?

ನಾನು: ಒಳ್ಳೆ ಪ್ರಶ್ನೆ ಭಾವ. ಪಾಲಕ್‌ನಲ್ಲಿ ಆಕ್ಸಲೇಟ್ ಅನ್ನುವ ಅಂಶ ತುಂಬಾ ಇದೆ. ಹರಿವೆಯಲ್ಲೂ ಇದೆ. ಮೆಂತ್ಯ ಸೊಪ್ಪಿನಲ್ಲಿ ಬಹಳ ಕಡಿಮೆ. ಈ ಆಕ್ಸಲೇಟ್ ಕ್ಯಾಲ್ಸಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕೇ ಪಾಲಕ್‌ನ ಕ್ಯಾಲ್ಸಿಯಂನಲ್ಲಿ ನೂರಕ್ಕೆ ಐದರಷ್ಟು ಮಾತ್ರ ನಮಗೆ ದಕ್ಕುತ್ತದೆ. ಕಲ್ಲಾಗುವ ಸ್ವಭಾವ ಇರುವವರಿಗೆ ಅದು ಕಲ್ಲೂ ಆಗುತ್ತದೆ. ಬೇಯಿಸಿ ನೀರು ಬಸಿದರೆ ಆಕ್ಸಲೇಟ್‌ನ ಒಂದಷ್ಟು ಪಾಲು ಆ ನೀರಿನ ಜೊತೆ ಹೋಗುತ್ತದೆ. ಆದರೆ ಫೋಲೇಟೂ ಅದೇ ನೀರಿನಲ್ಲಿ ಇರುವುದರಿಂದ, ಕಲ್ಲಿನ ತೊಂದರೆ ಇಲ್ಲದವರಿಗೆ ಬಸ್ಸಾರು ಚಿನ್ನದಂಥ ಅಡುಗೆ. ನೀವು ಮಾತ್ರ ಪಾಲಕ್, ಹರಿವೆ ಬಸಿದ ನೀರು ಚೆಲ್ಲಿ, ಮೆಂತ್ಯ ಸೊಪ್ಪಿನದಾದರೆ ಇಟ್ಟುಕೊಳ್ಳಿ.

ಈಗ ಜ್ಯೂಸ್ ಯೋಚಿಸಿ. ಬೇಯಿಸಿಲ್ಲ, ಬಸಿದಿಲ್ಲ, ಲೋಟದ ತುಂಬ ಆಕ್ಸಲೇಟ್, ಅದೂ ದಿನಾ. ಇಂಥ ಹಸಿ ಸೊಪ್ಪಿನ ಜ್ಯೂಸ್ ಅತಿಯಾಗಿ ಕುಡಿದು ಮೂತ್ರಪಿಂಡ ಕೆಟ್ಟ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಎಲ್ಲರಿಗೂ ಹಾಗಾಗುತ್ತದೆ ಅಂತಲ್ಲ. ಆದರೆ ‘ಎಲ್ಲರೂ ಕುಡಿಯಬಹುದು’ ಅಂತ ಬರೆಯುವ ಹಕ್ಕು ಯಾರಿಗೂ ಇಲ್ಲ.

ದೊಡ್ಡಮ್ಮ, ಡೊಂಬಿವಲಿ: ಎಲ್ಲರೂ ಅಂದ ಮೇಲೆ ನೆನಪಾಯಿತು. ನಿನ್ನ ದೊಡ್ಡಪ್ಪನಿಗೂ ನಾಳೆಯಿಂದ ಕೊಡಬೇಕು ಅಂತ ಇದ್ದೆ. ಹೃದಯದ ವಾಲ್ವ್ ಆಪರೇಷನ್ ಆದ ಮೇಲೆ ಸೊಪ್ಪು ಜಾಸ್ತಿ ಬೇಡ ಅಂದಿದ್ದರು. ಈಗ ವರ್ಷಗಳೇ ಆಯಿತಲ್ಲ.

ನಾನು: ದೊಡ್ಡಮ್ಮ, ಕೊಡಲೇಬೇಡಿ! ದೊಡ್ಡಪ್ಪ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರೆ. ಸೊಪ್ಪಿನಲ್ಲಿರುವ ಕೆ ವಿಟಮಿನ್ ಆ ಮಾತ್ರೆಗೆ ಎದುರು ಕೆಲಸ ಮಾಡುತ್ತದೆ. ಒಮ್ಮೆಲೇ ದಿನಾ ಲೋಟಗಟ್ಟಲೆ ಕೊಟ್ಟರೆ ಮಾತ್ರೆಯ ಬಲ ಕುಗ್ಗಿ, ವಾಲ್ವ್ ಹತ್ತಿರ ರಕ್ತ ಹೆಪ್ಪುಗಟ್ಟಬಹುದು. ಅವರು ಸೊಪ್ಪು ಪೂರ್ತಿ ಬಿಡಬೇಕು ಅಂತಲೂ ಇಲ್ಲ. ವಾರವಾರವೂ ಹೆಚ್ಚುಕಡಿಮೆ ಅಷ್ಟೇ ಪ್ರಮಾಣ ತಿನ್ನಬೇಕು. ಏನಾದರೂ ಬದಲಾಯಿಸುವುದಾದರೆ ಡಾಕ್ಟರಿಗೆ ಹೇಳಿ, ಐಎನ್‌ಆರ್ ಪರೀಕ್ಷೆ (ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಅಂತ ನೋಡುವುದು) ಮಾಡಿಸಬೇಕು. ಇಂದು ರಾತ್ರಿ ಫೋನ್ ಮಾಡುತ್ತೇನೆ.

(ಈ ಒಂದು ಮೆಸೇಜಿಗೆ ಬಹಳ ಹೊತ್ತು ಯಾರೂ ಉತ್ತರ ಹಾಕಲಿಲ್ಲ. ಒಂದು ಫಾರ್ವರ್ಡ್ ಬಗ್ಗೆ ಇಷ್ಟು ಬೆನ್ನು ಹತ್ತಬೇಕಾ ಅನ್ನುವವರಿಗೆ ನನ್ನ ಉತ್ತರ ಇದೇ. ಒಂದೇ ಮನೆಯಲ್ಲಿ ಮಾತ್ರೆ ಬಿಟ್ಟ ಹುಡುಗಿ, ಕಲ್ಲಿನ ತೊಂದರೆಯ ಭಾವ, ವಾಲ್ವ್ ಹಾಕಿಸಿಕೊಂಡ ದೊಡ್ಡಪ್ಪ. ಮೂವರಿಗೂ ಅದೇ ಲೋಟ.)

ಅತ್ತೆ, ಮೀರಾ ರೋಡ್: ಸರಿ, ಅಣ್ಣನಿಗೆ ಬೇಡ. ನಾನು ಕುಡಿದರೇನಾಯಿತು? ಸ್ಟೇಷನ್ ಹೊರಗೆ ಬೆಳಿಗ್ಗೆ ತಾಜಾ ಬರುತ್ತದೆ. ಮೂರು ಸಲ ತೊಳೆಯುತ್ತೇನೆ.

ನಾನು: ಅತ್ತೆ, ಲೋಕಲ್ ಟ್ರೇನಿನ ಕಿಟಕಿಯಿಂದ ಹಳಿ ಪಕ್ಕದ ಪಾಲಕ್, ಮೆಂತ್ಯ, ಕೆಂಪು ಹರಿವೆಯ ಮಡಿಗಳನ್ನು ನಾವೆಲ್ಲ ನೋಡಿದ್ದೇವೆ. ಎಷ್ಟೋ ಕಡೆ ಅದಕ್ಕೆ ಹರಿಯುವುದು ಚರಂಡಿ ನೀರು. ಈಗ ಮಳೆಗಾಲ ಬೇರೆ. ನೀವು ಕೊಳ್ಳುವ ಕಟ್ಟು ಎಲ್ಲಿಯದು ಅಂತ ಸೊಪ್ಪಿನವಳಿಗೂ ಗೊತ್ತಿರುವುದಿಲ್ಲ. ತೊಳೆದರೆ ಮಣ್ಣು ಹೋಗುತ್ತದೆ, ರೋಗಾಣು ಎಲ್ಲ ಹೋಗುವುದಿಲ್ಲ. ಚೆನ್ನಾಗಿ ಬೇಯಿಸಿದರೆ ಅವು ಸಾಯುತ್ತವೆ. ಕೊಳಕು ನೀರಿನಿಂದ ಎಲೆಯೊಳಗೆ ಸೇರಿದ ಸೀಸದಂಥ ಲೋಹ ಮಾತ್ರ ಬೇಯಿಸಿದರೂ ಹೋಗುವುದಿಲ್ಲ. ಅದಕ್ಕೇ ಒಂದೇ ಸೊಪ್ಪು, ಒಂದೇ ಕಡೆಯದು, ದಿನಾ ಅಂತ ಹಿಡಿಯಬಾರದು. ಬದಲಾಯಿಸುತ್ತ ಇರಬೇಕು.

ಮತ್ತೆ ಅತ್ತೆ, ನಿಮ್ಮ ಕಿಟಕಿ ಗ್ರಿಲ್ಲಿಗೆ ಹಬ್ಬಿದ ಬಸಳೆ ಇದೆಯಲ್ಲ? ನೀರು ಯಾವುದು, ಗೊಬ್ಬರ ಯಾವುದು ಎಲ್ಲ ನಿಮಗೇ ಗೊತ್ತು. ಅದರ ದಂಟು, ಹಲಸಿನ ಬೀಜ, ಹೆಸರುಕಾಳು ಹಾಕಿ ನೀವು ಮಾಡುವ ಹುಳಿ ಈ ಫಾರ್ವರ್ಡಿಗಿಂತ ಎಷ್ಟೋ ಮೇಲು. ನಾನು ಹೊಗಳಿಕೆಗೆ ಹೇಳುತ್ತಿಲ್ಲ.

ದೊಡ್ಡಮ್ಮ, ಡೊಂಬಿವಲಿ: ಈ ತಿಂಗಳು ಶಾಕ ವ್ರತ. ಸೊಪ್ಪು ತರಕಾರಿ ಮುಟ್ಟುವ ಹಾಗೇ ಇಲ್ಲ. ಮಳೆಗಾಲದ ಸೊಪ್ಪು ಬೇಡ ಅಂತಲೇ ಹಿರಿಯರು ಮಾಡಿದ್ದು.

ನಾನು: ನಿಮ್ಮ ವ್ರತ ನೀವು ನಡೆಸಿ ದೊಡ್ಡಮ್ಮ. ಅದರ ಬಗ್ಗೆ ನನ್ನ ಮಾತಿಲ್ಲ. ಆದರೆ ನಮ್ಮ ಪಕ್ಕದ ಮನೆಗಳಲ್ಲೇ ತುಳುವರ ಮಳೆಗಾಲದ ಆಟಿ ತಿಂಗಳಲ್ಲಿ ತಜಂಕ್ ಅನ್ನುವ ಕಾಡುಸೊಪ್ಪು, ಕೆಸುವಿನೆಲೆಯ ಪತ್ರೊಡೆ ಮಾಡುತ್ತಿದ್ದರಲ್ವಾ? ಅವರೂ ಹಿರಿಯರು ಹೇಳಿದ್ದನ್ನೇ ಮಾಡಿದ್ದು. ಅದೇ ತಜಂಕ್ ಈಗ ದಾದರ್ ಮಾರ್ಕೆಟಿನಲ್ಲಿ ಸಿಗುತ್ತಿದೆ. ವಸಯಿ, ಪಾಲ್ಘರ್ ಕಡೆಯಿಂದ ಹೆಂಗಸರು ತರುತ್ತಾರೆ, ಟಾಕಳಾ ಅಂತ ಕೇಳಬೇಕು. ಪುಟ್ಟಿ ವ್ರತ ಹಿಡಿದಿಲ್ಲ, ಅವಳು ತಿನ್ನಲಿ.

ಪುಟ್ಟಿ, ಅಂಧೇರಿ: ಚಿಕ್ಕಮ್ಮ, ನಾನು ಹಾಲು ಮೊಸರು ಬಿಟ್ಟು ಆರು ತಿಂಗಳಾಯಿತು. ಪೂರ್ತಿ ಸಸ್ಯಾಹಾರದಲ್ಲೇ ಇರಬೇಕು ಅಂತ ಆಸೆ. ಆಗುವುದೇ ಇಲ್ಲವಾ?

ಅಕ್ಕ, ಪುಣೆ: ಅದೇ ಮೂಲ ಕಾರಣ. ಮೊಸರು ಬಿಟ್ಟಿದ್ದಕ್ಕೇ ರಕ್ತ ಇಳಿದದ್ದು.

ನಾನು: ಇಲ್ಲ ಅಕ್ಕ. ಹಾಲು ಮೊಸರಿನಲ್ಲಿ ಕಬ್ಬಿಣ ಹೆಸರಿಗೆ ಮಾತ್ರ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಅವರೆಲ್ಲ ಮೊಸರು ಬಿಟ್ಟವರಾ?

ಪುಟ್ಟಿ, ಆಗುತ್ತದೆ. ಆದರೆ ಬಿ12 ಯಾವ ಸೊಪ್ಪಿನಲ್ಲೂ ಇಲ್ಲ. ಹಾಲು ಮೊಸರು ಬಿಟ್ಟ ಮೇಲೆ ನಿನಗೆ ಬಿ12 ಮಾತ್ರೆ ಬೇಕೇ ಬೇಕು. ಇದರಲ್ಲಿ ಚೌಕಾಸಿ ಇಲ್ಲ. ಕ್ಯಾಲ್ಸಿಯಂಗೆ ನುಗ್ಗೆ ಸೊಪ್ಪು, ರಾಗಿ, ಎಳ್ಳು. ನುಗ್ಗೆ ಸೊಪ್ಪು 100 ಗ್ರಾಂಗೆ 300 ಮಿಲಿಗ್ರಾಂ ಮೇಲಿದೆ, ರಾಗಿಯೂ ಹಾಗೇ. ನಿನ್ನ ಅಪ್ಪನ ಮುದ್ದೆ, ಬಸ್ಸಾರು ಕಲಿತುಕೊ, ಅರ್ಧ ಕೆಲಸ ಮುಗಿಯಿತು.

ಪುಟ್ಟಿ, ಅಂಧೇರಿ: ಮುದ್ದೆ ತಿರುಗಿಸಲಿಕ್ಕೆ ನನಗೆ ಬರುವುದಿಲ್ಲ. ಆಫೀಸಿನಿಂದ ಬಂದಾಗ ಎಂಟೂವರೆ. ಒಂದೇ ಕುಕ್ಕರ್ ಇರುವುದು.

ನಾನು: ಕುಕ್ಕರ್ ಸಾಕು. ಎರಡು ಹಿಡಿ ಹೆಸರುಬೇಳೆ, ಅರಿಶಿನ, ನೀರು ಹಾಕಿ ಎರಡು ಕೂಗು ಕೂಗಿಸು. ಅಷ್ಟರಲ್ಲಿ ಒಂದು ಕಟ್ಟು ಕೆಂಪು ಹರಿವೆ ತೆಗೆದುಕೊ, ಇಲ್ಲಿ ಲಾಲ್ ಮಾಠ ಅನ್ನುತ್ತಾರೆ. ಬೇರು ಕತ್ತರಿಸಿ, ದೊಡ್ಡ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಅಲುಗಾಡಿಸು. ಸೊಪ್ಪನ್ನು ಮೇಲೆತ್ತಬೇಕು, ನೀರು ಬಗ್ಗಿಸಬಾರದು. ಬಗ್ಗಿಸಿದರೆ ಕೆಳಗೆ ಕೂತ ಮರಳು ಮತ್ತೆ ಎಲೆಗೇ ಅಂಟುತ್ತದೆ. ತಳದಲ್ಲಿ ಮರಳು ಕಾಣದವರೆಗೂ ನೀರು ಬದಲಿಸು. ತೊಳೆದ ಮೇಲೆ ಹೆಚ್ಚು, ಹೆಚ್ಚಿದ ಮೇಲೆ ತೊಳೆಯಬೇಡ. ಎಳೆ ದಂಟು ಬಿಸಾಡಬೇಡ. ಕುಕ್ಕರ್ ಮುಚ್ಚಳ ತೆಗೆದು ಮೊದಲು ದಂಟು ಹಾಕು, ಅದು ಮೆತ್ತಗಾದ ಮೇಲೆ ಎಲೆ, ಮೇಲೆ ಒಂದು ಟೊಮ್ಯಾಟೊ. ಐದಾರು ನಿಮಿಷ ಕುದಿಸು. ಉಪ್ಪು, ಒಂದು ಹಿಡಿ ಕಾಯಿತುರಿ. ತೆಂಗಿನ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿಯ ಒಗ್ಗರಣೆ. ಒಲೆ ಆರಿಸಿದ ಮೇಲೆ ಅರ್ಧ ನಿಂಬೆ ಹಿಂಡು. ಕುದಿಯುವಾಗ ಹಿಂಡಿದರೆ ಸಿ ವಿಟಮಿನ್ ಅಲ್ಲೇ ಹೋಗುತ್ತದೆ. ಸೊಪ್ಪಿನ ಕಬ್ಬಿಣ ಮೈಗೆ ಚೆನ್ನಾಗಿ ಹತ್ತಲು ಈ ನಿಂಬೆ ಸಹಾಯ ಮಾಡುತ್ತದೆ. ಊಟದ ಜೊತೆ ಚಹಾ ಬೇಡ, ಒಂದು ಗಂಟೆಯಾದರೂ ಬಿಡು. ಚಹಾ, ಕಾಫಿ ಕಬ್ಬಿಣವನ್ನು ತಡೆಯುತ್ತವೆ.

ಅತ್ತೆ, ಮೀರಾ ರೋಡ್: ಬೆಳ್ಳುಳ್ಳಿ ಬೇಡ, ಇಂಗು ಹಾಕು. ಹರಿವೆಗೆ ಇಂಗೇ ಚಂದ.

ಪುಟ್ಟಿ, ಅಂಧೇರಿ: ಮಾತ್ರೆ?

ನಾನು: ಮತ್ತೆ ಶುರು ಮಾಡಲೇಬೇಕು. ಹೊಟ್ಟೆಗೆ ಆಗದಿದ್ದರೆ ಸುಮ್ನೆ ನಿಲ್ಲಿಸುವುದಲ್ಲ, ಡಾಕ್ಟರಿಗೆ ಹೇಳು. ಬೇರೆ ಬಗೆಯ ಮಾತ್ರೆ ಇದೆ, ದಿನ ಬಿಟ್ಟು ದಿನ ಕೊಡುವ ಪದ್ಧತಿಯೂ ಇದೆ. ಹಿಮೋಗ್ಲೋಬಿನ್ ಸರಿಯಾದ ಮೇಲೂ ಕೆಲವು ತಿಂಗಳು ಮುಂದುವರಿಸಲು ಹೇಳುತ್ತಾರೆ, ಒಳಗಿನ ದಾಸ್ತಾನು ತುಂಬಬೇಕಲ್ಲ. ರಕ್ತ ಇಳಿದದ್ದು ಯಾಕೆ ಅಂತಲೂ ನೋಡಬೇಕು. ತಿಂಗಳ ಮುಟ್ಟಿನಲ್ಲಿ ಜಾಸ್ತಿ ಹೋಗುತ್ತಿದ್ದರೆ ನಾಚಿಕೆ ಬೇಡ, ಅದನ್ನೂ ಹೇಳು. ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸುವ ಫೆರಿಟಿನ್, ಮತ್ತೆ ಬಿ12, ಎರಡೂ ಪರೀಕ್ಷೆ ಬರೆಸಿಕೊ.

ಅತ್ತೆ, ಮೀರಾ ರೋಡ್: ನಾನು ಜ್ಯೂಸ್ ಪೂರ್ತಿ ಬಿಡುವುದಿಲ್ಲ. ವಾರಕ್ಕೊಮ್ಮೆ ಕುಡಿಯುತ್ತೇನೆ, ಬೇಯಿಸಿ ರುಬ್ಬಿದ್ದು. ಆದರೆ ಪುಟ್ಟಿ, ನೀನು ಚಿಕ್ಕಮ್ಮ ಹೇಳಿದ ಹಾಗೆ ಮಾಡು. ಭಾನುವಾರ ಬಂದರೆ ಬಸಳೆ ದಂಟು ಕಡಿದು ಕೊಡುತ್ತೇನೆ.

ನಾನು: ವಾರಕ್ಕೊಮ್ಮೆ, ಬೇಯಿಸಿದ್ದು ಅಂದರೆ ನನ್ನ ತಕರಾರಿಲ್ಲ ಅತ್ತೆ. ಆ ಫಾರ್ವರ್ಡನ್ನು ಬೇರೆ ಯಾರಿಗೆಲ್ಲ ಕಳಿಸಿದ್ದೀರೋ ಅವರಿಗೂ ಒಂದು ಮಾತು ಹೇಳಿಬಿಡಿ. ಭಜನೆ ಮಂಡಳಿ ಗುಂಪಿನಲ್ಲಿ ಬಿಪಿ, ಹಾರ್ಟ್ ಮಾತ್ರೆಯವರೇ ಜಾಸ್ತಿ ಅಲ್ವಾ.

ಅತ್ತೆ, ಮೀರಾ ರೋಡ್: ಅಲ್ಲಿಗೂ ಹೋಗಿದೆ. ಈಗಲೇ ಬರೆಯುತ್ತೇನೆ. ಆ ವಾಲ್ವಿನ ವಿಷಯ ಎರಡು ಸಾಲಿನಲ್ಲಿ ಬರೆದು ಕೊಡು.