ಸಣ್ಣ ಟ್ರ್ಯಾಕ್ಟರಿಗೆ ಟ್ರೇಲರ್ ಹಿಚ್ ಮನೆಯಲ್ಲೇ ಮಾಡಿಕೊಂಡವರು ಇದ್ದೀರಾ?

ಕೇಳಿದವರು:
ನನ್ನದು 22 ಎಚ್‌ಪಿಯ ಹಳೇ ಟ್ರ್ಯಾಕ್ಟರ್. ಕೊಂಡಾಗಲೇ ಹಿಂದೆ ಡ್ರಾಬಾರ್ (ಟ್ರೇಲರ್ ಕಟ್ಟಿ ಎಳೆಯುವ ಪಟ್ಟಿ) ಇರಲಿಲ್ಲ, ಉಪಕರಣ ಕಟ್ಟುವ ಮೂರು ಲಿಂಕ್ ಮಾತ್ರ ಇವೆ: ಕೆಳಗೆ ಎರಡು, ಮೇಲೆ ಒಂದು ಟಾಪ್ ಲಿಂಕ್. ಎರಡು ಗಾಲಿಯ ಚಿಕ್ಕ ಟ್ರೇಲರ್ ಇದೆ. ಅದರ ಮೂಕಿಯ (ಮುಂದಕ್ಕೆ ಚಾಚಿದ ಎಳೆಯುವ ಕಂಬದ) ತುದಿಗೆ 50 ಎಂಎಂ ಬಾಲ್ ಹಿಡಿಯುವ ಕಪ್ಲರ್ ಇದೆ. ಕೆಳಗಿನ ಎರಡು ಲಿಂಕ್‌ಗಳ ನಡುವೆ ಅಡ್ಡಪಟ್ಟಿ ಹಾಕಿ, ಅದರ ಮೇಲೆ ಬಾಲ್ ಕೂರಿಸಿದರೆ ಸಾಕಾ? ಎಷ್ಟು ದಪ್ಪದ ಕಬ್ಬಿಣ ಬೇಕು? ಸೌದೆ, ಗೊಬ್ಬರ, ಮಣ್ಣು ಸಾಗಿಸೋಕೆ. ವೆಲ್ಡಿಂಗ್ ಮಷೀನ್ ಇದೆ, ಕೈ ಸುಮಾರಾಗಿ ಪಳಗಿದೆ.

ಮೊದಲ ಉತ್ತರ:
ನಾನೂ ಮೊದಲು ಅದನ್ನೇ ಮಾಡಿದ್ದೆ. ಚೌಕ ಪೈಪಿನ ಎರಡೂ ತುದಿಗೆ ಪಿನ್, ಮಧ್ಯದಲ್ಲಿ ಬಾಲ್. ನೋಡೋಕೆ ಚೆನ್ನಾಗಿತ್ತು. ಟ್ರೇಲರ್ ಕಟ್ಟಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಅಡ್ಡಪಟ್ಟಿ ಉರುಳಿ, ಬಾಲ್ ಹಿಂದಕ್ಕೆ ವಾಲಿತು. ಪಿನ್ ಗುಂಡಗಿರುತ್ತದೆ, ಅದು ಕೂರುವ ಜಾಗವೂ ಗುಂಡಗೆ. ಬಾಲ್ ಮಾತ್ರ ಪಿನ್ ಸಾಲಿಗಿಂತ ಮೇಲೆ. ಎಳೆದರೆ ತಿರುಗದೆ ಇನ್ನೇನು ಮಾಡುತ್ತದೆ?

ಆಮೇಲೆ ಅಡ್ಡಪಟ್ಟಿಯ ನಡುವಿನಿಂದ ಮೇಲಕ್ಕೆ ಎರಡು ಪ್ಲೇಟ್ ನಿಲ್ಲಿಸಿ ಟಾಪ್ ಲಿಂಕ್‌ಗೆ ಕಟ್ಟಿದೆ. ಈಗ ಅದು ತ್ರಿಕೋನ. ಉರುಳುವುದು ನಿಂತಿತು.

ಅಳತೆ ಹೇಳುತ್ತೇನೆ. ಲಿಂಕುಗಳ ಅಳತೆಗೆ ಕ್ಯಾಟಗರಿ ಅಂತ ದರ್ಜೆ ಇದೆ. ಕ್ಯಾಟಗರಿ 1 ಆದರೆ ಕೆಳಗಿನ ಪಿನ್ 22 ಎಂಎಂ, ಮೇಲಿನದು 19 ಎಂಎಂ. ಎರಡು ಲಿಂಕ್‌ಗಳ ನಡುವೆ ಸುಮಾರು 68 ಸೆಂ.ಮೀ. ಕೆಳಗಿನ ಪಿನ್ ಸಾಲಿನಿಂದ ಮೇಲಿನ ಪಿನ್‌ವರೆಗೆ 46 ಸೆಂ.ಮೀ. ಆದರೆ ನಿಮ್ಮಂಥ ಸಣ್ಣ ಗಾಡಿಗಳಲ್ಲಿ ಕೆಲವು ಕ್ಯಾಟಗರಿ 0 ಇರುತ್ತವೆ. ಅದರಲ್ಲಿ ಕೆಳಗಿನ ಪಿನ್ 16 ಎಂಎಂ, ನಡುವಿನ ಅಂತರ 51 ಸೆಂ.ಮೀ. ಹತ್ತಿರ. ಕಣ್ಣಳತೆ ಬೇಡ, ಲಿಂಕಿನ ತೂತು ಅಳೆದೇ ಕಬ್ಬಿಣ ಕತ್ತರಿಸಿ.

ಇನ್ನೊಂದು. ಕೆಳಗಿನ ಲಿಂಕ್ ಪಕ್ಕಕ್ಕೆ ಸರಿಯದಂತೆ ಹಿಡಿಯುವ ಚೆಕ್ ಚೈನ್ ಬಿಗಿ ಮಾಡಿ. ಸಡಿಲ ಬಿಟ್ಟರೆ ಲಿಂಕ್ ಅತ್ತಿತ್ತ ಓಲಾಡಿ ಟ್ರೇಲರ್ ಬಾಲ ಅಲ್ಲಾಡಿಸಿಕೊಂಡು ಬರುತ್ತದೆ.

ಇನ್ನೊಬ್ಬರು:
ದಪ್ಪದ ಮಾತು ಆಮೇಲೆ ಆಡೋಣ ಸರ್, ಮೊದಲು ಎತ್ತರದ ಮಾತು. ನನ್ನ ಹಿಚ್ ಕಬ್ಬಿಣ ಎಂದೂ ಬಾಗಲಿಲ್ಲ, ಆದರೆ ಅದರಿಂದಲೇ ನಾನು ಸಾಯುತ್ತಿದ್ದೆ.

ತುಂಬಿದ ಟ್ರೇಲರ್ ಹಸಿ ಮಣ್ಣಲ್ಲಿ ಹೂತಿತ್ತು. ಮೂಕಿ ಮೇಲೆತ್ತಿದರೆ ಬಿಡಿಸಿಕೊಳ್ಳುತ್ತದೆ ಅಂತ ಹೈಡ್ರಾಲಿಕ್ ಪೂರ್ತಿ ಎತ್ತಿ ಕ್ಲಚ್ ಬಿಟ್ಟೆ. ಟ್ರೇಲರ್ ಅಲ್ಲಾಡಲಿಲ್ಲ, ಟ್ರ್ಯಾಕ್ಟರಿನ ಮೂತಿ ಎದ್ದಿತು. ಮುಂದಿನ ಗಾಲಿ ಮೊಣಕಾಲೆತ್ತರ ಹೋಗಿತ್ತು. ಎಡಗಾಲು ಇನ್ನೂ ಕ್ಲಚ್ ಮೇಲೇ ಇತ್ತು, ಅದಕ್ಕೇ ಉಳಿದೆ. ಮೂತಿ ಎದ್ದರೆ, ಮಗುಚುವುದನ್ನು ತಡೆಯಲಾಗದ ಹಂತ ಮುಟ್ಟೋಕೆ ಒಂದು ಸೆಕೆಂಡೂ ಬೇಕಿಲ್ಲ. ಯೋಚನೆ ಮಾಡಿ ಕಾಲು ಒತ್ತುತ್ತೇನೆ ಅಂದರೆ ಆಗುವುದಿಲ್ಲ.

ಎಳೆಯುವ ಬಿಂದು ಹಿಂದಿನ ಆಕ್ಸಲ್ ಮಧ್ಯಕ್ಕಿಂತ ಕೆಳಗಿದ್ದರೆ, ಮೂತಿ ಏಳುತ್ತಿದ್ದಂತೆ ಹಿಚ್ ಇನ್ನಷ್ಟು ಕೆಳಗಿಳಿದು ಎಳೆತ ತಾನೇ ಕಡಿಮೆಯಾಗುತ್ತದೆ. ಆಕ್ಸಲ್‌ಗಿಂತ ಮೇಲಿದ್ದರೆ ಇಂಜಿನ್ನಿನ ಬಲವೆಲ್ಲ ನಿಮ್ಮನ್ನು ಹಿಂದಕ್ಕೆ ಮಗುಚುವುದಕ್ಕೇ ಹೋಗುತ್ತದೆ. ಮೂರು ಲಿಂಕಿನ ಹಿಚ್‌ನಲ್ಲಿ ಲಿವರ್ ಒಂದಿಷ್ಟು ಎತ್ತಿದರೂ ಬಾಲ್ ಈ ಗೆರೆ ದಾಟುತ್ತದೆ. ಖಾಲಿ ಟ್ರೇಲರನ್ನು ಅಂಗಳದಲ್ಲಿ ಅತ್ತಿತ್ತ ಸರಿಸೋಕೆ ಎತ್ತುವುದು ಅನುಕೂಲ, ಅಷ್ಟೇ. ಹೇರು ಎಳೆಯುವಾಗ ಕೆಳಗಿರಲಿ.

ಮತ್ತೊಬ್ಬರು:
ಮೇಲೆ ಹೇಳಿದ್ದು ನೂರಕ್ಕೆ ನೂರು ನಿಜ. ಅದಕ್ಕೆ ಸೇರಿಸುತ್ತೇನೆ: ನಮ್ಮ ಸಣ್ಣ ಗಾಡಿಗಳ ಹೈಡ್ರಾಲಿಕ್ ಎತ್ತುತ್ತದೆ, ಅದುಮಿ ಹಿಡಿಯುವುದಿಲ್ಲ. ಲಿಂಕನ್ನು ಕೈಯಲ್ಲಿ ಮೇಲೆತ್ತಿ ನೋಡಿ, ಸುಮ್ನೆ ಏಳುತ್ತದೆ. ಗೊಬ್ಬರ ಹೇರುವಾಗ ಹಿಂಭಾರವಾದರೆ ಮೂಕಿಯ ಜೊತೆ ಹಿಚ್ಚೂ ಮೇಲೇಳುತ್ತದೆ. ಮುಂಭಾರ, ಹಿಂಭಾರ ಗಾಡಿ ಹೊಡೆದವರಿಗೆ ಹೇಳಿಕೊಡಬೇಕಿಲ್ಲ, ಆದರೂ ಟ್ರ್ಯಾಕ್ಟರ್ ಬಂದ ಮೇಲೆ ನಾವೆಲ್ಲ ಮರೆತಿದ್ದೇವೆ ಅನ್ನಿಸುತ್ತದೆ. ಟ್ರೇಲರ್ ತೂಕದ ಹತ್ತನೇ ಒಂದು ಭಾಗವಾದರೂ ಮೂಕಿಯ ಮೇಲಿರಲಿ. ತೀರಾ ಜಾಸ್ತಿಯಾದರೆ ಟ್ರ್ಯಾಕ್ಟರಿನ ಮೂತಿ ಹಗುರಾಗಿ ಸ್ಟೇರಿಂಗ್ ಮಾತು ಕೇಳುವುದಿಲ್ಲ.

ನಾನು ಮಾಡಿದ ಉಪಾಯ: ಅಡ್ಡಪಟ್ಟಿಯ ಎರಡೂ ತುದಿಯಿಂದ ಟಾಪ್ ಲಿಂಕ್ ಬ್ರಾಕೆಟ್‌ಗೆ ಎರಡು ಗಟ್ಟಿ ಸ್ಟೇ ಪಟ್ಟಿ, ಬೋಲ್ಟ್ ಹಾಕಿ. ಹಿಚ್ ಮೇಲೂ ಹೋಗುವುದಿಲ್ಲ, ಹೈಡ್ರಾಲಿಕ್ ಸೋರಿ ಕೆಳಗೂ ಬೀಳುವುದಿಲ್ಲ. ಸ್ಟೇ ಹಾಕಿದ ಮೇಲೆ ಮರೆತು ಲಿವರ್ ಎತ್ತಬೇಡಿ, ಏನಾದರೊಂದು ಮುರಿಯುತ್ತದೆ.

ವೆಲ್ಡಿಂಗ್ ಕೆಲಸದವರು:
ಈಗ ದಪ್ಪಕ್ಕೆ ಬರೋಣ. ನಾನು ಈ ಅಳತೆಯ ಟ್ರ್ಯಾಕ್ಟರಿಗೆ 50×50ರ, 6 ಎಂಎಂ ದಪ್ಪದ ಚೌಕ ಪೈಪ್ ಹಾಕುತ್ತೇನೆ. ಬಾಲ್ ಕೂರುವ ಪ್ಲೇಟ್ 12 ಎಂಎಂ, ಕೆಳಗೆ ಎರಡು ಮೂಲೆ ಪಟ್ಟಿ. ಪ್ಲೇಟನ್ನು ಪೈಪಿನ ಮುಖಕ್ಕೆ ಸುಮ್ನೆ ಅಂಟಿಸಬೇಡಿ. ಪೈಪಿನ ಮೇಲೆ ಹಾಯಿಸಿ ಕೂರಿಸಿ, ಭಾರ ಪೈಪ್ ಹೊರಲಿ.

ತೂತನ್ನು ಡ್ರಿಲ್‌ನಲ್ಲೇ ಕೊರೆಯಿರಿ. ಗ್ಯಾಸಿನಲ್ಲಿ ಕೊರೆದ ತೂತಿನ ಅಂಚು ಹಲ್ಲುಹಲ್ಲಾಗಿರುತ್ತದೆ, ಬಿರುಕು ಅಲ್ಲಿಂದಲೇ ಶುರು. ದಪ್ಪ ಪ್ಲೇಟಿನ ಅಂಚನ್ನು ಗ್ರೈಂಡರ್‌ನಲ್ಲಿ ಓರೆ ಮಾಡಿ ವೆಲ್ಡ್ ಒಳಕ್ಕೆ ಇಳಿಯುವಂತೆ ಮಾಡಿ. ಮೇಲೆ ಚಂದ ಕಂಡು ಒಳಗೆ ಹಿಡಿಯದ ವೆಲ್ಡ್ ಎಷ್ಟು ನೋಡಿಲ್ಲ ನಾನು! ವೆಲ್ಡಿಂಗ್ ರಾಡ್ 6013 ನಂಬರಿನದು ಸಾಕು. 7018 ಇನ್ನೂ ಗಟ್ಟಿ, ಆದರೆ ತೇವ ತಾಗಿದ ರಾಡ್ ಆದರೆ ಆ ಲಾಭ ಹೋಯಿತು.

ಪಿನ್ ಕೊಂಡುಕೊಳ್ಳಿ, ನಟ್ಟು ಹಾಕಿ ಬಿಗಿಯುವಂಥದ್ದು. ಮನೆ ಕಟ್ಟುವ ಕಂಬಿ ತುಂಡು ಮಾಡಿ ಪಿನ್ ಮಾಡಿದವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಗಟ್ಟಿ ಮಾಡಿದ ಪಿನ್ನಿಗೂ 8.8 ದರ್ಜೆಯ ಗಟ್ಟಿ ಬೋಲ್ಟಿಗೂ ವೆಲ್ಡ್ ತಾಗಿಸಬೇಡಿ. ಕಾದರೆ ಅದರ ಗಟ್ಟಿತನ ಕೆಡುತ್ತದೆ. ಜಿಂಕ್ ಹೊದಿಸಿದ ಪೈಪ್ ಆದರೆ ಮೊದಲು ಉಜ್ಜಿ ತೆಗೆಯಿರಿ, ಆ ಹೊಗೆ ಕುಡಿದರೆ ರಾತ್ರಿ ಚಳಿಜ್ವರ ಬರುತ್ತದೆ.

ಹಿಚ್ಚನ್ನು ಟ್ರ್ಯಾಕ್ಟರಿಂದ ಬಿಚ್ಚಿ ನೆಲದ ಮೇಲೆ ವೆಲ್ಡ್ ಮಾಡಿ. ಗಾಡಿ ಮೇಲೇ ಮಾಡಲೇಬೇಕಾದರೆ ಬ್ಯಾಟರಿ ತಂತಿ ಕಳಚಿ, ಅರ್ತ್ ಕ್ಲಾಂಪನ್ನು ಕೆಲಸದ ಪಕ್ಕದಲ್ಲೇ ಹಾಕಿ. ದೂರ ಹಾಕಿದರೆ ಕರೆಂಟು ಬೇರಿಂಗ್ ಮೂಲಕ ಹಾದು ಅದನ್ನು ಸುಡುತ್ತದೆ. ಟ್ರ್ಯಾಕ್ಟರಿನ ಹಿಂದಿನ ಹೌಸಿಂಗ್ (ಗೇರು, ಆಕ್ಸಲ್ ಇರುವ ಪೆಟ್ಟಿಗೆ) ಎರಕದ್ದು, ಅದನ್ನು ಮುಟ್ಟೋಕೇ ಹೋಗಬೇಡಿ.

ಬಣ್ಣಕ್ಕೆ ಅವಸರ ಬೇಡ. ನಾಲ್ಕು ಟ್ರಿಪ್ ಹೊಡೆದು, ವೆಲ್ಡಿನ ಅಂಚು ಉಜ್ಜಿ ಬಿರುಕು ಹುಡುಕಿ, ಆಮೇಲೆ ಬಳಿಯಿರಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಮನೆಯಲ್ಲಿ ಒಂದು ಬಾಲ್ ಬಿದ್ದಿದೆ, 1 7/8 ಇಂಚಿಂದು. ನಡೆಯುತ್ತಾ?

ಮೊದಲ ಉತ್ತರದವರು:
ಬೇಡವೇ ಬೇಡ. ಅದು 47.6 ಎಂಎಂ. ಕಪ್ಲರ್ ಮುಚ್ಚುತ್ತದೆ, ಕೂತ ಹಾಗೇ ಕಾಣುತ್ತದೆ. ಮೊದಲ ಗುಂಡಿಯಲ್ಲಿ ಹಾರಿ ಹೊರಗೆ. ಎರಡು ಇಂಚಿನದೂ 50.8 ಆಗುತ್ತದೆ, ಅದು 50ರ ಕಪ್ಲರಿಗೆ ಬಿಗಿ. ಕಪ್ಲರ್ ಮೇಲೆ ಅಚ್ಚೊತ್ತಿರುವ ಅಳತೆಯ ಬಾಲನ್ನೇ ತನ್ನಿ. ಬಾಲ್ ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಸರಪಳಿಯೂ ಹಾಕಿ.

ಇನ್ನೊಬ್ಬರು:
ಬ್ರೇಕ್ ಮಾತು ಯಾರೂ ಎತ್ತಲಿಲ್ಲ. ಟ್ರೇಲರಿಗೆ ಬ್ರೇಕ್ ಇಲ್ಲ ಅಲ್ವಾ? ಹಾಗಾದರೆ ಸಮನೆಲದಲ್ಲೂ ಹೇರು ಸಮೇತ ಟ್ರ್ಯಾಕ್ಟರ್ ತೂಕ ದಾಟಬಾರದು. ಇಳಿಜಾರಲ್ಲಿ ಅದರ ಅರ್ಧವೂ ನನಗೆ ಜಾಸ್ತಿಯೇ. ಎಡ ಬಲದ ಬ್ರೇಕ್ ಪೆಡಲುಗಳನ್ನು ಕೊಂಡಿ ಹಾಕಿ ಸೇರಿಸಿ. ಒಂದೇ ಪೆಡಲ್ ಒತ್ತಿದರೆ ಟ್ರೇಲರ್ ತಳ್ಳಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ಇಳಿಯುವ ಮೊದಲೇ ಲೋ ಗೇರ್. ನಡುವೆ ಕ್ಲಚ್ ಒತ್ತಬೇಡಿ.

ಕೇಳಿದವರು, ಎರಡು ವಾರದ ನಂತರ:
ಮಾಡಿದೆ. ತ್ರಿಕೋನದ ಹಿಚ್, ಎರಡು ಸ್ಟೇ, 12 ಎಂಎಂ ಪ್ಲೇಟ್. ಅಳೆದಾಗ ಲಿಂಕ್ ಕ್ಯಾಟಗರಿ 1 ಅಂತ ಗೊತ್ತಾಯಿತು. ಬಾಲ್ ಆಕ್ಸಲ್ ಮಧ್ಯಕ್ಕಿಂತ 12 ಸೆಂ.ಮೀ. ಕೆಳಗಿದೆ. ಅರ್ಧ ಹೇರು ಮಣ್ಣು ಎಳೆದೆ, ಬಿರುಕಿಲ್ಲ. ಒಂದೇ ತೊಂದರೆ: ಪೂರ್ತಿ ತಿರುಗಿಸಿದಾಗ ಟ್ರೇಲರಿನ ಮುಂದಿನ ಮೂಲೆ ಹಿಂದಿನ ಟೈರಿಗೆ ಉಜ್ಜುತ್ತದೆ. ಬಾಲನ್ನು 20 ಸೆಂ.ಮೀ. ಹಿಂದೆ ಹಾಕಲಾ?

ವೆಲ್ಡಿಂಗ್ ಕೆಲಸದವರು:
ಬಾಲ್ ಹಿಂದೆ ಹೋದಷ್ಟೂ ಮೂಕಿಯ ಭಾರ ಟ್ರ್ಯಾಕ್ಟರಿನ ಮೂತಿ ಎತ್ತುತ್ತದೆ. ಹಿಚ್ ಹಾಗೇ ಇರಲಿ, ಟ್ರೇಲರಿನ ಮೂಕಿಯನ್ನೇ ಉದ್ದ ಮಾಡಿ. ರಿವರ್ಸ್ ತೆಗೆಯುವಾಗಲೂ ಆಗ ಟ್ರೇಲರ್ ಬೇಗ ಮಡಚಿಕೊಳ್ಳುವುದಿಲ್ಲ.