ಸ್ಟೀಫನ್ ಒಬ್ಬರಲ್ಲ, ಇಬ್ಬರು

(ನಿನ್ನೆ ರಾತ್ರಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ನಡೆದದ್ದು. ಹೆಸರುಗಳ ಬದಲು ನಂಟು ಹಾಕಿದ್ದೇನೆ. ಕೈಮುಗಿಯುವ ಚಿತ್ರ, ಹೆಬ್ಬೆರಳು, ಶುಭರಾತ್ರಿ ಎಲ್ಲಾ ತೆಗೆದಿದ್ದೇನೆ.)

ದೊಡ್ಡಮಾವ: (ಹಲವು ಬಾರಿ ಫಾರ್ವರ್ಡ್ ಆಗಿದೆ) ನಿಮಗಿದು ಗೊತ್ತೇ? ಒಬ್ಬನೇ ಸಂತ, ಐದು ಕ್ಯಾಥೆಡ್ರಲ್! ವಿಯೆನ್ನಾ (ಆಸ್ಟ್ರಿಯಾ), ಪಾಸೌ (ಜರ್ಮನಿ), ಬೂರ್ಜ್ ಮತ್ತು ಕಾನ್ (ಫ್ರಾನ್ಸ್), ಬುಡಾಪೆಸ್ಟ್ (ಹಂಗೇರಿ). ಐದೂ ಸಂತ ಸ್ಟೀಫನ್ ಹೆಸರಿನವು. ಸಂತ ಒಬ್ಬನೇ ಆದ್ದರಿಂದ ಐದಕ್ಕೂ ಒಂದೇ ನಕ್ಷೆ! ಹತ್ತು ಜನರಿಗೆ ಕಳಿಸಿ.

ಅತ್ತೆ: ಎಷ್ಟು ಚೆನ್ನಾಗಿದೆ. ವಿಯೆನ್ನಾ ಚಿತ್ರದಲ್ಲಿ ಆ ಬಣ್ಣದ ಹೆಂಚು ನೋಡಿ.

ನಾನು: ಮಾವ, ಇದರಲ್ಲಿ ಒಂದು ಬೇರೆ ಸ್ಟೀಫನ್‌ದು. ಇನ್ನೊಂದು ಕ್ಯಾಥೆಡ್ರಲ್ಲೇ ಅಲ್ಲ. ಒಂದೇ ನಕ್ಷೆ ಅನ್ನುವುದಂತೂ ಶುದ್ಧ ಸುಳ್ಳು.

ದೊಡ್ಡಮಾವ: ಶುರುವಾಯಿತು. ಏನು ಕಳಿಸಿದರೂ ತಪ್ಪು ಹುಡುಕುವವರು ಒಬ್ಬರು ಇರಲೇಬೇಕು.

ತಮ್ಮ: ನಾನು ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಮುಂದುವರಿಸಿ.

ನಾನು: ಮೊದಲು ಬುಡಾಪೆಸ್ಟ್. ಅಲ್ಲಿನ ಸ್ಟೀಫನ್ ಹಂಗೇರಿಯ ಮೊದಲ ರಾಜ. 1083ರಲ್ಲಿ ಅವನನ್ನು ಸಂತ ಅಂತ ಸಾರಿದರು. ಉಳಿದವು ಬೈಬಲ್ಲಿನ ಸ್ಟೀಫನ್‌ದು. ಜೆರುಸಲೇಮಿನಲ್ಲಿ ಕಲ್ಲು ಹೊಡೆದು ಕೊಂದರಲ್ಲ, ಕ್ರೈಸ್ತರ ಮೊದಲ ಹುತಾತ್ಮ, ಅವನು. ಇಬ್ಬರ ನಡುವೆ ಸುಮಾರು ಸಾವಿರ ವರ್ಷ ಅಂತರ ಇದೆ. ಬುಡಾಪೆಸ್ಟ್ ಬೆಸಿಲಿಕಾದಲ್ಲಿ ಆ ರಾಜನದು ಅಂತ ನಂಬುವ ಬಲಗೈಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.

ಅತ್ತೆ: ಕೈಯಾ?

ನಾನು: ಕೈಯೇ. ಮುಷ್ಟಿ ಹಿಡಿದ ಹಾಗಿದೆ.

ಅತ್ತೆ: ಊಟದ ಹೊತ್ತಿಗೆ ಇದೆಲ್ಲಾ ಬೇಕಿತ್ತಾ.

ನಾನು: ಕಟ್ಟಡವೂ ಹಳೆಯದಲ್ಲ. 1851ರಲ್ಲಿ ಶುರು ಮಾಡಿದರು, 1868ರಲ್ಲಿ ಗೋಪುರದ ಗುಮ್ಮಟ ಕುಸಿದು ಬಿತ್ತು, 1905ರಲ್ಲಿ ಪ್ರತಿಷ್ಠೆ ಆಯಿತು. ಗುಮ್ಮಟದ ಎತ್ತರ 96 ಮೀಟರ್. ಹಂಗೇರಿಯನ್ನರು ಆ ನಾಡಿಗೆ ಬಂದು ನೆಲೆಸಿದ್ದು 896ರಲ್ಲಿ ಅಂತ ಲೆಕ್ಕ, ಅದರ ನೆನಪಿಗೆ ಈ 96. ವಿಯೆನ್ನಾ ಜೊತೆ ಇಟ್ಟು ನೋಡಿದರೆ ಯಾವ ಮೂಲೆಯಿಂದಲೂ ಒಂದೇ ನಕ್ಷೆ ಅಲ್ಲ.

ದೊಡ್ಡಮಾವ: ಸರಿ, ಒಂದು ತಪ್ಪಿರಬಹುದು. ಆ ಕಾನ್‌ಗೆ ಏನಾಗಿದೆ?

ನಾನು: ಅದು ಮಠದ ಚರ್ಚ್. ಇಂಗ್ಲೆಂಡನ್ನು ಗೆದ್ದ ವಿಲಿಯಂ ಕಟ್ಟಿಸಿದ್ದು, ಅವನನ್ನು ಹೂಳಿದ್ದೂ ಅಲ್ಲೇ. ಆದರೆ ಆ ಸೀಮೆಯ ಬಿಷಪ್ ಕೂರುತ್ತಿದ್ದದ್ದು ಪಕ್ಕದ ಬಾಯೋದಲ್ಲಿ. ಕ್ಯಾಥೆಡ್ರಲ್ ಅಂದರೆ ದೊಡ್ಡ ಚರ್ಚ್ ಅಂತ ಅಲ್ಲ ಮಾವ. ಕಥೆದ್ರಾ ಅಂದರೆ ಕುರ್ಚಿ. ಬಿಷಪ್ಪನ ಕುರ್ಚಿ ಎಲ್ಲಿದೆಯೋ ಅದು ಕ್ಯಾಥೆಡ್ರಲ್.

ತಮ್ಮ: ಕೊನೆಗೆ ಎಲ್ಲಾ ಕಡೆ ಕುರ್ಚಿಯದ್ದೇ ವಿಷಯ.

ನಾನು: ತಮಾಷೆ ಏನು ಗೊತ್ತಾ, ವಿಯೆನ್ನಾದಲ್ಲಿ 136 ಮೀಟರಿನ ದಕ್ಷಿಣ ಗೋಪುರ ಮುಗಿದದ್ದು 1433ರಲ್ಲಿ. ಊರಿಗೆ ಸ್ವಂತ ಬಿಷಪ್ ಸಿಕ್ಕಿದ್ದು 1469ರಲ್ಲಿ! ಕುರ್ಚಿ ಬರುವುದಕ್ಕೆ 36 ವರ್ಷ ಮೊದಲೇ ಗೋಪುರ ಎದ್ದು ನಿಂತಿತ್ತು. ಆಗ ಲೆಕ್ಕಕ್ಕೆ ಅದು ಬರೀ ಪ್ಯಾರಿಷ್ ಚರ್ಚ್, ಅಂದರೆ ಊರ ಮಂದಿಯ ಸಾಮಾನ್ಯ ಚರ್ಚ್.

ಭಾವ: ಒಂದು ನಿಮಿಷ. ನಕ್ಷೆ ಪೂರ್ತಿ ಬೇರೆ ಅಂತ ಹೇಗೆ ಹೇಳುತ್ತೀರಿ? ಆ ಕಾಲದ ಎಲ್ಲಾ ದೊಡ್ಡ ಚರ್ಚ್‌ಗಳದ್ದೂ ಶಿಲುಬೆ ಆಕಾರ. ಉದ್ದಕ್ಕೆ ಒಂದು ಅಂಕಣ, ಅಡ್ಡಕ್ಕೆ ಒಂದು. ಅಷ್ಟರಮಟ್ಟಿಗೆ ಫಾರ್ವರ್ಡ್ ಸರಿಯೇ ಅಲ್ವಾ?

ದೊಡ್ಡಮಾವ: ಹೇಳಿ ಭಾವ, ಹೇಳಿ. ಎಂಜಿನಿಯರ್ ಮಾತು ಕೇಳಿ ಎಲ್ಲರೂ.

ನಾನು: ಬೂರ್ಜ್‌ನ ನಕ್ಷೆ ತೆಗೆದು ನೋಡಿ ಭಾವ. ಅಡ್ಡ ಅಂಕಣವೇ ಇಲ್ಲ. 1195ರಲ್ಲಿ ಕೆಲಸ ಶುರುವಾದಾಗಲೇ ಬಿಟ್ಟಿದ್ದಾರೆ. ಬಾಗಿಲಿಂದ ಕೊನೆಯ ತನಕ ಒಂದೇ ಓಟ. ನಡುವಿನ ಅಂಕಣದ ಎರಡೂ ಕಡೆ ಎರಡೆರಡು ಸಾಲು. ಹೊರಗಿನ ಸಾಲು 9 ಮೀಟರ್ ಎತ್ತರ, ಒಳಗಿನದು 21, ನಡುವಿನದು 37. ಮೆಟ್ಟಿಲು ಹತ್ತಿದ ಹಾಗೆ. ಬದಿಯ ಸಾಲಿಗೂ ಅದರದ್ದೇ ಕಿಟಕಿ ಇದೆ, ಹಾಗಾಗಿ ಬೆಳಕು ಮೂರು ಮಟ್ಟದಿಂದ ಒಳಗೆ ಬರುತ್ತದೆ.

ಭಾವ: ಈಗ ನೋಡಿದೆ. ಹೌದು, ಅಡ್ಡ ಅಂಕಣ ಇಲ್ಲ. ಹಾಗಾದರೆ ನಡುವಿನ ಕಮಾನಿನ ತಳ್ಳು ಹೊರಕ್ಕೆ ಹೋಗುವುದನ್ನು ಹೊರಗಿನ ಆನಿಕೆ ಕಮಾನುಗಳೇ ಹೊರಬೇಕು. ತುಂಬಾ ತೆಳ್ಳಗೆ ಕಡಿದಾಗಿ ಕಟ್ಟಿದ್ದಾರೆ. ಧೈರ್ಯ ಜಾಸ್ತಿ.

ನಾನು: ಧೈರ್ಯಕ್ಕೆ ಬೆಲೆಯೂ ತೆತ್ತರು. ಆನಿಕೆಗಳು ನಿಂತವು, ಉತ್ತರ ಗೋಪುರ ಮಾತ್ರ 1506ರ ಕೊನೇ ದಿನ ಬಿದ್ದುಹೋಯಿತು. ಮತ್ತೆ ಕಟ್ಟಿದ್ದಕ್ಕೆ ಬೆಣ್ಣೆ ಗೋಪುರ ಅಂತ ಹೆಸರು. ಈಸ್ಟರ್‌ಗೆ ಮುಂಚಿನ ಉಪವಾಸದಲ್ಲಿ ಬೆಣ್ಣೆ ತಿನ್ನುವ ಹಾಗಿರಲಿಲ್ಲ. ದುಡ್ಡು ಕೊಟ್ಟವರಿಗೆ ತಿನ್ನಲು ಅನುಮತಿ ಕೊಟ್ಟು, ಆ ದುಡ್ಡನ್ನು ಗೋಪುರಕ್ಕೆ ಹಾಕಿದರು.

ಚಿಕ್ಕಮ್ಮ: ಬೆಣ್ಣೆ ತಿಂದು ಪುಣ್ಯ ಕಟ್ಟಿಕೊಂಡವರು!

ತಮ್ಮ: ಆ ಕಡೆಯ ಗೋಪುರಕ್ಕೆ ತುಪ್ಪ ಅಂತಾರಾ?

ನಾನು: ಇಲ್ಲ, ಅದು ಕಿವುಡು ಗೋಪುರ. ಅದಕ್ಕೆ ಗಂಟೆ ಕಟ್ಟಲೇ ಇಲ್ಲ.

ಚಿಕ್ಕಮ್ಮ: ನನಗೊಂದು ಅನುಮಾನ. ನಕ್ಷೆಗೂ ಸಂತನಿಗೂ ಸಂಬಂಧ ಇಲ್ಲ ಅಂತೀಯ. ಹಾಗಾದರೆ ಹೆಸರು ಸುಮ್ನೆ ಇಟ್ಟರಾ? ಅಷ್ಟು ಊರಲ್ಲಿ ಅದೇ ಹೆಸರು ಯಾಕೆ?

ನಾನು: ಸುಮ್ನೆ ಅಲ್ಲ ಚಿಕ್ಕಮ್ಮ. ಹೆಸರಿಗೆ ಬೇರೆಯೇ ದಾರಿ ಇದೆ. 415ರಲ್ಲಿ ಜೆರುಸಲೇಮಿನ ಹತ್ತಿರ ಸ್ಟೀಫನ್‌ನ ಮೂಳೆ ಸಿಕ್ಕಿತು ಅಂತ ಸುದ್ದಿಯಾಯಿತು. ಚೂರು ಚೂರು ಪಶ್ಚಿಮಕ್ಕೆ ಹೋದವು. ಆ ಕಾಲಕ್ಕೆ ಊರೂರಲ್ಲಿ ಬಿಷಪ್ಪರು ಚರ್ಚ್ ಕಟ್ಟುತ್ತಿದ್ದರು, ಹೊಸದಾಗಿ ಹೆಸರಾದ ಸಂತ ಇವನು. ಫ್ರಾನ್ಸ್‌ನಲ್ಲಿ ಇವನನ್ನು ಎತಿಯೆನ್ ಅನ್ನುತ್ತಾರೆ, ಹಾಗಾಗಿ ನಮಗೆ ಗುರುತೇ ಸಿಗುವುದಿಲ್ಲ. ಸಾನ್ಸ್, ಮೆಟ್ಸ್, ಬೂರ್ಜ್ ಎಲ್ಲಾ ಸೇಂತ್ ಎತಿಯೆನ್. 451ರಲ್ಲಿ ಹೂಣರು ಮೆಟ್ಸ್ ಊರನ್ನು ಸುಟ್ಟಾಗ ಸ್ಟೀಫನ್‌ನ ಗುಡಿ ಮಾತ್ರ ಉಳಿಯಿತು ಅಂತ ಆರನೇ ಶತಮಾನದ ಬಿಷಪ್ ಗ್ರೆಗರಿ ಆಫ್ ಟೂರ್ಸ್ ಬರೆದಿದ್ದಾನೆ. ಪ್ಯಾರಿಸ್‌ನಲ್ಲೂ ನೋತ್ರ್ ದಾಮ್‌ಗೆ ಮೊದಲು ಅಲ್ಲಿದ್ದದ್ದು ಸೇಂತ್ ಎತಿಯೆನ್. ಈಗಲೂ ದಕ್ಷಿಣದ ಬಾಗಿಲ ಮೇಲೆ ಅವನ ಸಾವಿನ ಕಥೆ ಕೆತ್ತಿದೆ.

ಚಿಕ್ಕಮ್ಮ: ಇದು ಫಾರ್ವರ್ಡ್‌ಗಿಂತ ಚೆನ್ನಾಗಿದೆ.

ದೊಡ್ಡಮಾವ: ಮತ್ತೆ ವಿಯೆನ್ನಾ? ಅದು ಫ್ರಾನ್ಸ್ ಅಲ್ಲವಲ್ಲ.

ನಾನು: ಆ ಹೆಸರು ಪಾಸೌನಿಂದ ಬಂತು. ವಿಯೆನ್ನಾ ಆಗ ಪಾಸೌ ಬಿಷಪ್ಪನ ಕೈಕೆಳಗಿತ್ತು. ಬಿಷಪ್ಪನಿಗೂ ಅಲ್ಲಿನ ದೊರೆಗೂ 1137ರಲ್ಲಿ ಒಪ್ಪಂದ ಆಯಿತು, ಹತ್ತು ವರ್ಷಕ್ಕೆ ಮೊದಲ ಚರ್ಚ್ ಎದ್ದಿತು, ತಾಯಿ ಚರ್ಚಿನ ಸಂತನ ಹೆಸರೇ ಮಗಳಿಗೂ ಬಂತು. ಆದರೆ ಈಗ ಹೋಗಿ ನೋಡಿದರೆ ತಾಯಿಗಿಂತ ಮಗಳೇ ಹಳಬಳಾಗಿ ಕಾಣುತ್ತಾಳೆ. ಪಾಸೌ 1662ರ ಬೆಂಕಿಯಲ್ಲಿ ಸುಟ್ಟುಹೋಯಿತು. ಇಟಲಿಯ ಕಾರ್ಲೊ ಲುರಾಗೊ ಬಂದು ಅಲಂಕಾರ ತುಂಬಿದ ಬರೋಕ್ ಶೈಲಿಯಲ್ಲಿ ಕಟ್ಟಿದ. ಒಳಗೆಲ್ಲಾ ಬಿಳಿ ಗಾರೆ, ಬಳ್ಳಿ, ದೇವದೂತರು. ಹಿಂದಿನ, ಮೊನಚು ಕಮಾನಿನ ಗಾಥಿಕ್ ಕಟ್ಟಡ ಪೂರ್ವದ ತುದಿಯಲ್ಲಿ ಮಾತ್ರ ಉಳಿದಿದೆ. ಹೆಸರು ಬಿಷಪ್ಪನ ಜೊತೆ ನಡೆಯಿತು, ಕಟ್ಟಡ ಬೆಂಕಿ ಮತ್ತು ದುಡ್ಡಿನ ಮಾತು ಕೇಳಿತು.

ಭಾವ: ಈ ಸಾಲು ಒಪ್ಪುತ್ತೇನೆ. ಆದರೂ ನಕ್ಷೆ ಪ್ರಯಾಣ ಮಾಡುವುದೇ ಇಲ್ಲ ಅನ್ನಬೇಡ. ಮೇಸ್ತ್ರಿ ಹೋದಲ್ಲಿ ಹೋಗುತ್ತದೆ.

ನಾನು: ಅದು ನಿಜ. ಆದರೆ ಸಂತ ಬದಲಾದರೂ ಹೋಗುತ್ತದೆ! ಸಾನ್ಸ್‌ನ ವಿಲಿಯಂ ಅಂತ ಒಬ್ಬ ಮೇಸ್ತ್ರಿ. 1174ರಲ್ಲಿ ಇಂಗ್ಲೆಂಡಿನ ಕ್ಯಾಂಟರ್‌ಬರಿ ಕ್ಯಾಥೆಡ್ರಲ್ ಸುಟ್ಟಾಗ ಅವನನ್ನು ಕರೆಸಿದರು. ಹೊಸ ಫ್ರೆಂಚ್ ರೀತಿಯ ಕಮಾನು ಇಂಗ್ಲೆಂಡಿಗೆ ಹೀಗೆ ಹೋಯಿತು. ಅಲ್ಲೇ ಸಾರುವೆ ಮೇಲಿಂದ ಬಿದ್ದು ಪೆಟ್ಟಾಗಿ ಕೆಲಸ ಬಿಡಬೇಕಾಯಿತು ಪಾಪ. ಕ್ಯಾಂಟರ್‌ಬರಿ ಕ್ರಿಸ್ತನ ಹೆಸರಿನ ಚರ್ಚ್, ಸ್ಟೀಫನ್‌ದಲ್ಲ.

ಅಕ್ಕ: ಈಗ ನೋಡಿದೆ, ತೊಂಬತ್ತು ಮೆಸೇಜು. ವಿಯೆನ್ನಾ ಚರ್ಚಿನ ಒಳಗೆ ಹೋಗಿದ್ದವಳು ನಾನೊಬ್ಬಳೇ, ನನ್ನನ್ನು ಯಾರೂ ಕೇಳಲಿಲ್ಲ. ಪ್ರಸಂಗ ಹೇಳುವ ಕಲ್ಲಿನ ಪೀಠ ನೋಡಬೇಕು. ಅದರ ಮೆಟ್ಟಿಲ ಪಕ್ಕದ ಕೈಹಿಡಿಕೆಯ ಮೇಲೆ ಕಪ್ಪೆ, ಹಲ್ಲಿ ಒಂದರ ಹಿಂದೆ ಒಂದು ಕಚ್ಚಾಡಿಕೊಂಡು ಹತ್ತುತ್ತಿವೆ. ತುದಿಯಲ್ಲಿ ಪುಟ್ಟ ನಾಯಿಮರಿ ಕೂತು ಅವನ್ನು ತಡೆಯುತ್ತದೆ. ಮೆಟ್ಟಿಲ ಕೆಳಗೆ ಸಣ್ಣ ಕಿಟಕಿ ತೆಗೆದು ಒಬ್ಬ ಕಲ್ಲುಕುಟಿಗ ಹೊರಗೆ ಇಣುಕುತ್ತಿದ್ದಾನೆ. ನಾನು ಅವನ ಮುಂದೆ ಹದಿನೈದು ನಿಮಿಷ ನಿಂತಿದ್ದೆ. ಗೈಡ್ ಮುಂದೆ ಹೋಗಿಬಿಟ್ಟ.

ಅತ್ತೆ: ಫೋಟೋ ಹಾಕು.

ಅಕ್ಕ: ಮಸುಕಾಗಿದೆ. ಒಳಗೆ ಬೆಳಕು ಕಡಿಮೆ.

ಅತ್ತೆ: ಹೆಂಚಿನ ವಿಷಯ ಯಾರೂ ಹೇಳಲಿಲ್ಲ.

ನಾನು: ವಿಯೆನ್ನಾದ ಮಾಡಿನಲ್ಲಿ ಸುಮಾರು 2,30,000 ಹೆಂಚು ಅತ್ತೆ. ಮಾಡು ಎಷ್ಟು ಕಡಿದಾಗಿದೆ ಅಂದರೆ ಮಳೆ, ಹಿಮ ಅದರ ಮೇಲೆ ನಿಲ್ಲುವುದೇ ಇಲ್ಲ, ಹೆಂಚನ್ನು ತೊಳೆದುಕೊಂಡು ಜಾರಿಹೋಗುತ್ತದೆ. ಆದರೆ ಅದರ ಕೆಳಗೆ ಮೊದಲಿನ ಮರ ಇಲ್ಲ. 1945ರ ಏಪ್ರಿಲ್‌ನಲ್ಲಿ, ಯುದ್ಧದ ಕೊನೆಗೆ, ಪಕ್ಕದ ಅಂಗಡಿಗಳಿಗೆ ಬಿದ್ದ ಬೆಂಕಿ ಹಾರಿ ಮಾಡು ಪೂರ್ತಿ ಸುಟ್ಟಿತು. ದೊಡ್ಡ ಗಂಟೆ ಪುಮ್ಮರಿನ್ ಬಿದ್ದು ಚೂರಾಯಿತು. ಆ ಚೂರುಗಳನ್ನು ಕರಗಿಸಿ 1951ರಲ್ಲಿ ಹೊಸ ಗಂಟೆ ಎರಕ ಹೊಯ್ದರು. ಮಾಡಿಗೆ ಈಗ 600 ಟನ್‌ಗೂ ಜಾಸ್ತಿ ಉಕ್ಕು.

ಭಾವ: ಉಕ್ಕು ಸರಿಯಾದ ನಿರ್ಧಾರ.

ದೊಡ್ಡಮಾವ: ಈ ಮೆಸೇಜ್ ಅಳಿಸಲಾಗಿದೆ.

ತಮ್ಮ: ಮಾವ ಏನೋ ಬರೆದು ಅಳಿಸಿದರು. ಸ್ಕ್ರೀನ್‌ಶಾಟ್ ಯಾರ ಹತ್ತಿರ ಇದೆ?

ದೊಡ್ಡಮಾವ: ಒಂದು ಪ್ರಶ್ನೆ. ಆ ಹಂಗೇರಿ ರಾಜನಿಗೆ ಸ್ಟೀಫನ್ ಅಂತ ಹೆಸರು ಬಂದದ್ದು ಹೇಗೆ?

ನಾನು: ಹುಟ್ಟು ಹೆಸರು ವಾಯ್ಕ್. ದೀಕ್ಷಾಸ್ನಾನ ಕೊಡುವಾಗ ಮೊದಲ ಹುತಾತ್ಮನ ಹೆಸರು ಇಟ್ಟರು.

ದೊಡ್ಡಮಾವ: ಅಂದರೆ ಬುಡಾಪೆಸ್ಟ್‌ನಲ್ಲಿರುವುದೂ ಅದೇ ಸ್ಟೀಫನ್‌ನ ಹೆಸರೇ. ಅಲ್ವಾ?

ನಾನು: ಹಾಗೆ ನೋಡಿದರೆ... ಹೆಸರು ಅದೇ, ಮನುಷ್ಯ ಬೇರೆ.

ದೊಡ್ಡಮಾವ: ನಾನು ಹೇಳಿದ್ದೂ ಹೆಸರೇ.

ಚಿಕ್ಕಮ್ಮ: ಹೋಗಲಿ ಬಿಡೋ, ಇದೊಂದು ಕೊಟ್ಟುಬಿಡು.

ದೊಡ್ಡಮಾವ: (ಫಾರ್ವರ್ಡ್) ನಿಮಗಿದು ಗೊತ್ತೇ? ಒಂದೇ ಹೆಸರು, ನಾಲ್ಕು ಕ್ಯಾಥೆಡ್ರಲ್, ಒಂದು ಮಠ! ನಕ್ಷೆ ಬೇರೆ ಬೇರೆ. ಒಂದಕ್ಕೆ ಬೆಣ್ಣೆ ದುಡ್ಡಿನ ಗೋಪುರ. ಹತ್ತು ಜನರಿಗೆ ಕಳಿಸಿ.

ನಾನು: ಮಾವ, ಬುಡಾಪೆಸ್ಟ್‌ದು 1993ರಿಂದ ಸಹ-ಕ್ಯಾಥೆಡ್ರಲ್. ಮುಖ್ಯ ಕುರ್ಚಿ ಎಸ್ಟರ್‌ಗೋಮ್‌ನಲ್ಲಿದೆ.

ದೊಡ್ಡಮಾವ: ಆಗಲೇ ಮೂರು ಗುಂಪಿಗೆ ಹೋಗಿದೆ.